ಅಡುಗೆಮನೆ ಬಾಗಿಲಿನಿಂದ ಬರುವವರು

ಬಹಳ ವರ್ಷಗಳ ಹಿಂದೆ ಮೈಸೂರಿನಲ್ಲಿ, ನಲವತ್ತು–ಅರವತ್ತರ ಸೈಟಿನಲ್ಲಿ ಒಂದು ಮನೆಗೆ ಪ್ಲಾನ್ ಮಾಡಿಕೊಟ್ಟಿದ್ದೆ. ಮುಂದೆ ಜಗಲಿ, ಜಗಲಿಗೆ ಮೂರು ಮೆಟ್ಟಿಲು, ತೇಗದ ಜೋಡಿ ಬಾಗಿಲು, ಒಳಗೆ ಕಾಲಿಟ್ಟರೆ ಮೇಲಿನ ಗಾಜಿನಿಂದ ಬೆಳಕು ಬೀಳುವ ಪುಟ್ಟ ತೊಟ್ಟಿ. ಆ ಪ್ರವೇಶದ ಬಗ್ಗೆ ನನಗೆ ವಿಪರೀತ ಅಭಿಮಾನ. ಗೃಹಪ್ರವೇಶದ ಊಟ ಮುಗಿಸಿ, ಫೋಟೊ ತೆಗೆದುಕೊಂಡು ಬಂದವನು ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮತ್ತೆ ಹೋದದ್ದು ಪಕ್ಕದ ಸೈಟಿನವರು ಕರೆದರೆಂದು. ತೇಗದ ಬಾಗಿಲು ಹಾಕಿತ್ತು. ಜಗಲಿಯ ಮೇಲೆ ಹಳೇ ಪೇಪರಿನ ಕಟ್ಟುಗಳು. ಮನೆಯವರೆಲ್ಲ ಪಕ್ಕದ ಓಣಿಯಿಂದ ಅಡುಗೆಮನೆ ಬಾಗಿಲಲ್ಲಿ ಓಡಾಡುತ್ತಿದ್ದರು. ಸ್ಕೂಟರ್ ನಿಲ್ಲಿಸುವುದು ಅಲ್ಲಿ, ಕಾಲು ತೊಳೆಯುವ ನಲ್ಲಿ ಅಲ್ಲಿ, ತರಕಾರಿ ಚೀಲ ಇಳಿಸುವುದೂ ಅಲ್ಲೇ. "ಮುಂದಿನ ಬಾಗಿಲು ಹಬ್ಬಕ್ಕೆ ತೆಗೀತೀವಿ ಸಾರ್" ಎಂದರು ಆ ಮನೆಯಾಕೆ, ನನಗೆ ಬೇಜಾರಾಗಬಾರದು ಎನ್ನುವ ದನಿಯಲ್ಲಿ.

ನನ್ನ ಹತ್ತಿರ ತರಬೇತಿಗೆ ಬಂದು, ಈಗ ಬೆಂಗಳೂರಿನಲ್ಲಿ ಆ್ಯಪ್‌ಗಳ ಪರದೆ ರೂಪಿಸುವ ಕೆಲಸದಲ್ಲಿರುವ ಹುಡುಗಿಯೊಬ್ಬಳಿಗೆ ಇದನ್ನು ಹೇಳಿದೆ. ಅವಳು ನಕ್ಕಳು. "ನಮ್ಮಲ್ಲಾಗಿದ್ರೆ ಮಾರನೇ ದಿನ ಬೆಳಿಗ್ಗೆನೇ ಗೊತ್ತಾಗ್ತಿತ್ತು ಸಾರ್. ಮುಂದಿನ ಬಾಗಿಲ ತನಕ ಎಷ್ಟು ಜನ ಬಂದ್ರು, ಎಷ್ಟು ಜನ ಹಾಗೇ ವಾಪಸ್ ಹೋದ್ರು, ಎಲ್ಲ ಲೆಕ್ಕ ಸಿಗುತ್ತೆ."

ಆರ್ಕಿಟೆಕ್ಚರ್ ಓದಿದವರು ಯುಐ ಡಿಸೈನ್ ಕಡೆ ಹೋಗುವ ಬಗ್ಗೆ ನಾನು ಕೇಳಿದ ಮಾತುಗಳಲ್ಲೆಲ್ಲ ನನಗೆ ಹೆಚ್ಚು ನಾಟಿದ್ದು ಅವಳ ಈ ಒಂದು ಮಾತು. ಬೇರೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಹೇಳುತ್ತಾರೆ. "ಎರಡೂ ಡಿಸೈನೇ ಅಲ್ಲವೇ, ಸುಲಭ" ಎನ್ನುತ್ತಾರೆ ಹೋದವರು. "ಐದು ವರ್ಷ ಓದಿ ಬಟನ್ ಬಿಡಿಸೋಕೆ ಹೋದ" ಎನ್ನುತ್ತಾರೆ ಉಳಿದವರು. ನನಗೆ ಎರಡೂ ಅರೆಬೆಂದ ಮಾತಿನಂತೆ ಕಾಣುತ್ತವೆ.

ಹೋಗುವುದೇಕೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಬಿ.ಆರ್ಕ್ ಐದು ವರ್ಷ, ಹತ್ತು ಸೆಮಿಸ್ಟರ್. ಸ್ಟುಡಿಯೋದಲ್ಲಿ ರಾತ್ರಿಯೆಲ್ಲ ಮಾಡೆಲ್ ಅಂಟಿಸಿ, ಬೆಳಿಗ್ಗೆ ಜ್ಯೂರಿಯ ಮುಂದೆ ನಿಂತು ಬೈಸಿಕೊಳ್ಳುವ ಐದು ವರ್ಷ. ಹೊರಬಂದಾಗ ಸಣ್ಣ ಆಫೀಸುಗಳು ಕೊಡುವ ಮೊದಲ ಸಂಬಳ ಬೆಂಗಳೂರಿನ ಪಿಜಿ ಬಾಡಿಗೆಗೂ ಓಡಾಟಕ್ಕೂ ಸರಿಹೋಗುತ್ತದೆ. ನಾನೂ ಅಂಥದೇ ಸಂಬಳ ಕೊಟ್ಟವನು, ಹೇಳಿಕೊಳ್ಳಲು ಹೆಮ್ಮೆಯಿಲ್ಲ. ಮೊದಲ ಮೂರು ವರ್ಷ ಮಾಡುವ ಕೆಲಸ ಹೆಚ್ಚಾಗಿ ಟಾಯ್ಲೆಟ್ ಡೀಟೇಲ್, ಟೈಲ್ಸ್ ಲೇಔಟ್, ಸ್ಯಾಂಕ್ಷನ್ ಡ್ರಾಯಿಂಗ್. ಕಟ್ಟಡ ಮೇಲೇಳುವ ಹೊತ್ತಿಗೆ ಅದನ್ನು ಬರೆದ ಹುಡುಗ ಮತ್ತೊಂದು ಆಫೀಸಿನಲ್ಲಿರುತ್ತಾನೆ. ಅದೇ ಊರಿನಲ್ಲಿ, ಮೆಟ್ರೋದಲ್ಲಿ ಹತ್ತು ನಿಮಿಷದ ದೂರದಲ್ಲಿ, ಅವನ ಪಿಯುಸಿ ಗೆಳೆಯರು ಕಂಪ್ಯೂಟರ್ ಮುಂದೆ ಕೂತು ಬೇರೆಯದೇ ಲೆಕ್ಕದಲ್ಲಿ ಬದುಕುತ್ತಿದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಟ್ಟಡ ಕೆಲಸಗಳು ನಿಂತಾಗ ಅಲ್ಲಿಯ ಆರ್ಕಿಟೆಕ್ಟ್‌ಗಳೂ ಪರದೆಯ ಕಡೆ ತಿರುಗಿದರು. ನಮ್ಮಲ್ಲಿ ಅದಕ್ಕೆ ಕುಸಿತವೇನೂ ಬೇಕಾಗಲಿಲ್ಲ.

ಆದರೆ ಈ ದಾರಿಯನ್ನು ಸಂಬಳದ ದಾರಿ ಎಂದಷ್ಟೇ ನೋಡಿದರೆ ಅದರ ಹಳಮೆ ಕಾಣದೆ ಹೋಗುತ್ತದೆ. ಈ ಎರಡು ಕಸುಬುಗಳು ಇತ್ತೀಚೆಗೆ ಪರಿಚಯವಾದವಲ್ಲ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದರು. ಲೈಟ್ ಪೆನ್ನಿನಿಂದ ನೇರವಾಗಿ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು. ನಾವು ಬಳಸುವ ಕ್ಯಾಡ್ ತಂತ್ರಾಂಶಗಳೂ, ಕೈಯಿಂದ ಮುಟ್ಟಿ ಆಡಿಸುವ ಇಂದಿನ ಪರದೆಗಳೂ ತಮ್ಮ ಮೂಲ ಹೇಳಿಕೊಳ್ಳುವುದು ಅಲ್ಲಿಂದಲೇ. ಅದೇ ಎಂಐಟಿಯಲ್ಲಿ ಆರ್ಕಿಟೆಕ್ಚರ್ ಓದಿದ ನಿಕೋಲಸ್ ನೆಗ್ರೊಪಾಂಟೆ 1967ರಲ್ಲಿ ಆರ್ಕಿಟೆಕ್ಚರ್ ಮಷೀನ್ ಗ್ರೂಪ್ ಕಟ್ಟಿದರು. ಯಂತ್ರವೂ ಮನುಷ್ಯನೂ ಮಾತಾಡಿಕೊಂಡು ಕಟ್ಟಡ ರೂಪಿಸಬೇಕೆಂಬುದು ಆಸೆ. ಕಟ್ಟಡ ಹಿಂದೆ ಸರಿಯಿತು, ಮಾತುಕತೆ ಉಳಿಯಿತು. 1978ರಲ್ಲಿ ಆ ಗುಂಪು ಆ್ಯಸ್ಪೆನ್ ಎಂಬ ಊರಿನ ಬೀದಿಗಳನ್ನೆಲ್ಲ ಚಿತ್ರೀಕರಿಸಿ, ಪರದೆ ಮುಟ್ಟುತ್ತ ಬೇಕಾದ ತಿರುವಿನಲ್ಲಿ ತಿರುಗಿ ಊರು ಸುತ್ತುವಂತೆ ಮಾಡಿತು. ಗೂಗಲ್‌ನ ಸ್ಟ್ರೀಟ್ ವ್ಯೂ ಬರುವುದಕ್ಕೆ ಸುಮಾರು ಮೂರು ದಶಕ ಮೊದಲು! 1985ರಲ್ಲಿ ಆ ಗುಂಪೇ ಮೀಡಿಯಾ ಲ್ಯಾಬ್ ಆಗಿ ಬೆಳೆಯಿತು.

ಇನ್ನೊಬ್ಬರು ಕ್ರಿಸ್ಟೊಫರ್ ಅಲೆಕ್ಸಾಂಡರ್. ಇವರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇವರ ದಾರಿ ನಮ್ಮ ಹಳ್ಳಿಯೊಂದರ ಮೂಲಕ ಹಾದುಹೋಗಿದೆ. 1936ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತವನ್ನೂ ವಾಸ್ತುಶಿಲ್ಪವನ್ನೂ ಓದಿದ ಇವರು ಅರವತ್ತರ ದಶಕದ ಆರಂಭದಲ್ಲಿ ಗುಜರಾತಿನ ಬಾವ್ರಾ ಎಂಬ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. 1964ರಲ್ಲಿ ಬಂದ 'ನೋಟ್ಸ್ ಆನ್ ದ ಸಿಂಥೆಸಿಸ್ ಆಫ್ ಫಾರ್ಮ್' ಪುಸ್ತಕದ ಕೊನೆಯಲ್ಲಿ ಭಾರತದ ಒಂದು ಹಳ್ಳಿಯ ಅಗತ್ಯಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ: ಒಟ್ಟು 141. ದನಕರು, ಜಾತಿ, ನೀರು, ಹೊಲ, ಮದುವೆ ಎಲ್ಲವೂ ಅದರಲ್ಲಿವೆ. ಯಾವುದು ಯಾವುದಕ್ಕೆ ತಗುಲಿಕೊಂಡಿದೆ ಎಂದು ಲೆಕ್ಕ ಹಾಕಿ, ಬಿಡಿಸಲಾಗದ ದೊಡ್ಡ ಗಂಟನ್ನು ಸಣ್ಣ ಸಣ್ಣ ಗಂಟುಗಳಾಗಿ ಬೇರ್ಪಡಿಸುವುದು ಅವರ ವಿಧಾನ. ಇಂದು ಯಾವುದೇ ಪ್ರಾಡಕ್ಟ್ ಕಂಪನಿಯ ಗೋಡೆಗೆ ಅಂಟಿಸಿದ ಹಳದಿ ಚೀಟಿಗಳ ಗುಂಪು ನೋಡಿದರೆ ನನಗೆ ಬಾವ್ರಾ ನೆನಪಾಗುತ್ತದೆ.

1977ರಲ್ಲಿ ಅಲೆಕ್ಸಾಂಡರ್ ಮತ್ತು ಸಂಗಡಿಗರ 'ಎ ಪ್ಯಾಟರ್ನ್ ಲ್ಯಾಂಗ್ವೇಜ್' ಬಂತು. 253 ಮಾದರಿಗಳು, ಊರಿನ ಮಟ್ಟದಿಂದ ಹಿಡಿದು ಕಿಟಕಿಯ ಪಕ್ಕದ ಕೂರುವ ಜಾಗದ ತನಕ. ಒಂದೊಂದು ಮಾದರಿಯೂ ತನಗಿಂತ ದೊಡ್ಡದನ್ನೂ ಚಿಕ್ಕದನ್ನೂ ಹೆಸರಿಸಿ ಕೈತೋರಿಸುತ್ತದೆ. ಅದರ ಬಗ್ಗೆ ಆರ್ಕಿಟೆಕ್ಟ್‌ಗಳು ಅಷ್ಟೇನೂ ಆದರ ತೋರಲಿಲ್ಲ. ಪ್ರೋಗ್ರಾಮರ್‌ಗಳು ಎತ್ತಿಕೊಂಡರು. 1987ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಅದನ್ನು ತಂತ್ರಾಂಶಕ್ಕೆ ಅನ್ವಯಿಸಿ ಪ್ರಬಂಧ ಬರೆದರು. 1994ರಲ್ಲಿ 23 ಮಾದರಿಗಳ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಬಂತು. 1995ರಲ್ಲಿ ಕನಿಂಗ್‌ಹ್ಯಾಮ್ ಇಂಥ ಮಾದರಿಗಳನ್ನು ಎಲ್ಲರೂ ಸೇರಿ ಬರೆಯಲೆಂದು ವಿಕಿ ಎಂಬುದನ್ನು ಮಾಡಿದರು. ಕನ್ನಡ ವಿಕಿಪೀಡಿಯ ತೆರೆಯುವವರು ಹಾಗೆ ನೋಡಿದರೆ ಒಬ್ಬ ಆರ್ಕಿಟೆಕ್ಟ್‌ನ ದೂರದ ಮೊಮ್ಮಗನ ಮನೆಗೆ ಹೋಗಿ ಬರುತ್ತಾರೆ.

ಆರ್ಕಿಟೆಕ್ಟ್ ಲೂಯಿ ಕಾನ್ ಬಳಿ ಕೆಲಸ ಮಾಡಿದ್ದ ರಿಚರ್ಡ್ ಸಾಲ್ ವರ್ಮನ್ 1976ರಲ್ಲಿ ಅಮೆರಿಕದ ಆರ್ಕಿಟೆಕ್ಟ್‌ಗಳ ಸಮ್ಮೇಳನಕ್ಕೆ 'ಮಾಹಿತಿಯ ವಾಸ್ತುಶಿಲ್ಪ' ಎಂಬ ವಿಷಯವಿಟ್ಟರು. 1960ರಲ್ಲೇ ನಗರ ಯೋಜಕ ಕೆವಿನ್ ಲಿಂಚ್, ಜನ ತಮ್ಮ ಊರನ್ನು ತಲೆಯೊಳಗೆ ಹೇಗೆ ಹಿಡಿದಿಟ್ಟುಕೊಳ್ಳುತ್ತಾರೆ ಎಂದು ಕೇಳಿ, ದಾರಿ, ಅಂಚು, ಬಡಾವಣೆ, ಕೂಡುಜಾಗ, ಗುರುತು ಎಂದು ಐದು ಅಂಶ ಹೇಳಿದ್ದರು. ವೆಬ್‌ಸೈಟುಗಳಲ್ಲಿ ಜನ ದಾರಿ ತಪ್ಪಲು ತೊಡಗಿದಾಗ ಆ ಐದೂ ಮತ್ತೆ ಕೆಲಸಕ್ಕೆ ಬಂದವು. ಹಾಗೆಂದು ಪರದೆಯ ಕಸುಬನ್ನು ಆರ್ಕಿಟೆಕ್ಟ್‌ಗಳೇ ಕಟ್ಟಿದರು ಎನ್ನುವುದು ಜಂಬವಾದೀತು. ಮನಶ್ಶಾಸ್ತ್ರಜ್ಞರು, ಲೈಬ್ರರಿ ವಿಜ್ಞಾನದವರು, ಅಚ್ಚಿನ ವಿನ್ಯಾಸದವರು ಎಲ್ಲರೂ ಅದಕ್ಕೆ ಮಣ್ಣು ಹೊತ್ತಿದ್ದಾರೆ. ಮನಶ್ಶಾಸ್ತ್ರದ ಹಿನ್ನೆಲೆಯ ಡಾನ್ ನಾರ್ಮನ್ 1993ರಲ್ಲಿ ಆ್ಯಪಲ್ ಸೇರಿದಾಗ ತಮಗೆ ಇಟ್ಟುಕೊಂಡ ಹುದ್ದೆಯ ಹೆಸರು ಮಾತ್ರ 'ಯೂಸರ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್'. ಹೀಗೆ ನಾವು ಹೋಗುವ ಮೊದಲೇ ನಮ್ಮ ಹೆಸರು ಅಲ್ಲಿಗೆ ಹೋಗಿ ಕೂತಿತ್ತು.

ಆ ಹೆಸರಿನ ಗೊಂದಲ ಬೆಂಗಳೂರಿನಲ್ಲಿ ವಾಸಿಸುವವರಿಗೆ ಚೆನ್ನಾಗಿ ಗೊತ್ತು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರಷ್ಟೇ ಈ ಹೆಸರು ಹಾಕಿಕೊಳ್ಳಬೇಕು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಲ್ಯೂಷನ್ ಆರ್ಕಿಟೆಕ್ಟ್, ಡೇಟಾ ಆರ್ಕಿಟೆಕ್ಟ್ ಎಂದು ಮಹಡಿಗೊಬ್ಬರು. ಮದುವೆ ಮಾತುಕತೆಯಲ್ಲಿ ಹುಡುಗ ಆರ್ಕಿಟೆಕ್ಟ್ ಎಂದರೆ "ಬಿಲ್ಡಿಂಗೋ, ಸಾಫ್ಟ್‌ವೇರೋ?" ಎಂಬ ಪ್ರಶ್ನೆ ಬರುತ್ತದೆ. ಬಿಲ್ಡಿಂಗ್ ಎಂದ ಕೂಡಲೇ ಹೆಣ್ಣಿನ ಕಡೆಯ ಹಿರಿಯರ ಮುಖದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ, ಹೋದವರ ಜೊತೆ ಹೋಗುವುದೇನು? ಚಿತ್ರ ಬಿಡಿಸುವ ಕೈಚಳಕ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಅಲ್ಲಿ ಅಂಥ ಬೆಲೆಯೇನಿಲ್ಲ. ನಿಜಕ್ಕೂ ಹೋಗುವುದು ಓಡಾಟದ ಲೆಕ್ಕ. ಮನೆಗೆ ಬಂದವನು ಚಪ್ಪಲಿ ಎಲ್ಲಿ ಬಿಡುತ್ತಾನೆ, ಅಲ್ಲಿಂದ ಏನು ಕಾಣುತ್ತದೆ, ಕಾಣಬಾರದ್ದು ಯಾವುದು, ಎರಡನೆಯ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಯೋಚಿಸುವ ತಲೆ, ಆ್ಯಪ್ ತೆರೆದವನ ಮುಂದೆ ಮೊದಲು ಏನಿಡಬೇಕೆಂದೂ ಯೋಚಿಸಬಲ್ಲದು. ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಶಿ ಕಟ್ಟಿದ ಐಐಎಂ ಕ್ಯಾಂಪಸ್ಸಿನಲ್ಲಿ ಒಮ್ಮೆ ನಡೆದು ನೋಡಿ. ಕಲ್ಲಿನ ಗೋಡೆಗಳ ಉದ್ದನೆಯ ಮೊಗಸಾಲೆಗಳು, ಮೇಲೆ ತೆರೆದ ಕಾಂಕ್ರೀಟ್ ಚಪ್ಪರ, ನಡುನಡುವೆ ಅಂಗಳ. ಬೋರ್ಡು ಓದದೆಯೂ ಕಾಲು ಮುಂದುವರಿಯುತ್ತದೆ. ನಿಲ್ಲಬೇಕಾದ ಕಡೆ ಬೆಳಕೇ ನಿಲ್ಲಿಸುತ್ತದೆ. ಪರದೆಯಲ್ಲಿ ಇದನ್ನು ಮಾಡಲು ಒದ್ದಾಡುವವರು ಅನೇಕರು, ಮಾಡಿದವರು ಕೆಲವರು.

ಮಿತಿಗಳೊಡನೆ ಬಾಳುವ ಅಭ್ಯಾಸವೂ ಜೊತೆಗೆ ಹೋಗುತ್ತದೆ. ಸೈಟಿನ ಸುತ್ತ ಸೆಟ್‌ಬ್ಯಾಕ್ ಬಿಟ್ಟು, ಕಟ್ಟಬಹುದಾದ ವಿಸ್ತೀರ್ಣದ ಮಿತಿಯಾದ ಎಫ್‌ಎಆರ್ ಮೀರದೆ, ಕುಬೇರ ಮೂಲೆಯ ವಾದ ಮುಗಿಸಿ, ಉಳಿದ ಜಾಗದಲ್ಲಿ ಮನೆ ಕೂರಿಸಿದವನಿಗೆ ಆರಂಗುಲದ ಪರದೆ ಹೆದರಿಕೆ ಹುಟ್ಟಿಸುವುದಿಲ್ಲ. ಅಳತೆಗಳೂ ಒಂದೇ ಮರದ ಕಾಯಿಗಳು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ದಾಟಬಾರದು ಎನ್ನುತ್ತದೆ, ಮೊಣಕಾಲಿನ ಕಾರಣಕ್ಕೆ. ಆ್ಯಪಲ್ ತನ್ನ ಫೋನಿನ ಬಟನ್ನು 44 ಪಾಯಿಂಟಿಗಿಂತ ಸಣ್ಣದಿರಬಾರದು ಎನ್ನುತ್ತದೆ, ಹೆಬ್ಬೆರಳಿನ ಕಾರಣಕ್ಕೆ. ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಅನುಪಾತ. ಕಣ್ಣು ಮಂಜಾದವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ 4.5ಕ್ಕೆ ಒಂದರ ಬೆಳಕಿನ ಅನುಪಾತ. ಮೊದಲನೆಯದನ್ನು ಬಲ್ಲವರಿಗೆ ಎರಡನೆಯದನ್ನು ಯಾರೂ ಬೋಧಿಸಬೇಕಿಲ್ಲ.

ಜ್ಯೂರಿಯನ್ನೂ ಮರೆಯಬಾರದು. ಹತ್ತು ಜನರ ಮುಂದೆ ತನ್ನ ಕೆಲಸವನ್ನು ಚಿಂದಿ ಮಾಡಿಸಿಕೊಂಡು, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಡ್ಲಿ ತಿಂದು, ಸಂಜೆ ಮತ್ತೆ ಶುರು ಮಾಡುವ ಗಟ್ಟಿತನ ಬೇರೆ ಕೋರ್ಸುಗಳಲ್ಲಿ ಅಪರೂಪ.

ಇನ್ನು ಬಿಟ್ಟುಹೋಗಬೇಕಾದದ್ದು. ಮೊದಲನೆಯದು ಮುಗಿಯಿತೆಂಬ ಭಾವನೆ. ನಮ್ಮಲ್ಲಿ ಸೆಂಟ್ರಿಂಗ್ ಬಿಚ್ಚಿದ ಮೇಲೆ ತಪ್ಪಿಗೆ ತಿದ್ದುಪಡಿಯಿಲ್ಲ. ಅದಕ್ಕೇ ಎಲ್ಲವನ್ನೂ ಮೊದಲೇ ತೀರ್ಮಾನಿಸಿ, ತೀರ್ಮಾನವನ್ನು ಕೊನೆಯತನಕ ಸಮರ್ಥಿಸುವ ಚಟ ಬೆಳೆಯುತ್ತದೆ. ಪರದೆಯವರು ಅರೆಬರೆ ಮಾಡಿದ್ದನ್ನು ಐದಾರು ಜನರ ಕೈಗಿಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಎಂದು ಸುಮ್ಮನೆ ಕೂತು ನೋಡುತ್ತಾರೆ. ಸುಮ್ಮನೆ ಕೂರುವುದು ಆರ್ಕಿಟೆಕ್ಟ್‌ಗೆ ಪ್ರಾಣಸಂಕಟ. "ಅಲ್ಲಿ ಒತ್ತಬೇಕು" ಎಂದು ಬಾಯಿ ಬಿಟ್ಟರೆ ಪರೀಕ್ಷೆ ಹಾಳು. ಜನ ಬಂದು ನೆಲೆಸಿದ ಮೇಲೆ ಕಟ್ಟಡ ಹೇಗೆ ನಡೆಯುತ್ತಿದೆ ಎಂದು ಅಳೆಯುವ ಶಾಸ್ತ್ರ ನಮ್ಮ ಪಠ್ಯದಲ್ಲೂ ಉಂಟು. ಅದಕ್ಕೆ ಫೀಸು ಕೊಡುವವರಿಲ್ಲ, ಫೀಸಿಲ್ಲದೆ ಮಾಡುವವರೂ ಇಲ್ಲ. ನನ್ನ ತೇಗದ ಬಾಗಿಲೇ ಸಾಕ್ಷಿ. ಸ್ಟ್ಯೂವರ್ಟ್ ಬ್ರ್ಯಾಂಡ್ 1994ರಲ್ಲಿ ಬರೆದ 'ಹೌ ಬಿಲ್ಡಿಂಗ್ಸ್ ಲರ್ನ್' ಇದನ್ನೇ ಕೆಣಕುತ್ತದೆ: ಕಟ್ಟಡವೆಂದರೆ ಬೇರೆ ಬೇರೆ ವೇಗದಲ್ಲಿ ಹಳತಾಗುವ ಪದರಗಳು, ನಿವೇಶನ ಶಾಶ್ವತ, ಅಸ್ಥಿಪಂಜರ ದೀರ್ಘಾಯು, ಪೈಪು ವೈರು ಬೇಗ ಸಾಯುತ್ತವೆ, ಕುರ್ಚಿ ಮೇಜು ದಿನವೂ ಜಾಗ ಬದಲಿಸುತ್ತವೆ. ಜೆಸ್ಸಿ ಜೇಮ್ಸ್ ಗ್ಯಾರೆಟ್ 2002ರ ತಮ್ಮ ಪುಸ್ತಕದಲ್ಲಿ ವೆಬ್‌ಸೈಟನ್ನೂ ಐದು ಪದರ ಮಾಡಿ ತೋರಿಸಿದರು, ತಳದಲ್ಲಿ ಉದ್ದೇಶ, ಮೇಲೆ ತೊಗಲು. ಎರಡೂ ಪುಸ್ತಕಗಳನ್ನು ಒಟ್ಟಿಗೆ ಓದಿದವರಿಗೆ ದಾಟುವ ಸೇತುವೆ ಅರ್ಧ ಕಟ್ಟಿದಂತೆಯೇ.

ಎರಡನೆಯದು ಸೂರ್ಯನಿರುವ ಚಿತ್ರದ ಮೋಹ. ನಮ್ಮ ರೆಂಡರಿಂಗ್‌ಗಳಲ್ಲಿ ಸದಾ ಸಂಜೆಯ ಬಿಸಿಲು, ಹಸಿರು ಹುಲ್ಲು, ನಾಯಿ ಹಿಡಿದ ಬಿಳಿ ಬಟ್ಟೆಯ ಹೆಂಗಸು. ಮಳೆ ಸೋರುವ ಚಿತ್ರವನ್ನು ಯಾರೂ ಬರೆದದ್ದಿಲ್ಲ. ಪರದೆಯ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ: ನೆಟ್‌ವರ್ಕ್ ಹೋದಾಗ ಏನು ಕಾಣಬೇಕು, ಪಟ್ಟಿ ಖಾಲಿಯಿದ್ದಾಗ ಏನು, ಓಟಿಪಿ ತಪ್ಪಾದಾಗ ಏನು, ದುಡ್ಡು ಖಾತೆಯಿಂದ ಹೋಗಿ ಅಂಗಡಿಯವನಿಗೆ ಸೇರದಿದ್ದಾಗ ಏನು. 2016ರಲ್ಲಿ ಯುಪಿಐ ಬಂದ ಮೇಲೆ ಈ ಕೊನೆಯ ಪ್ರಶ್ನೆ ಬೀದಿಬದಿಯ ಎಳನೀರಿನವನ ತನಕ ಮುಟ್ಟಿದೆ. ಆ ಅರ್ಧ ನಿಮಿಷ ಗಿರಾಕಿ ಮತ್ತು ವ್ಯಾಪಾರಿ ಇಬ್ಬರೂ ನೋಡುತ್ತ ನಿಲ್ಲುವ ಪರದೆಯನ್ನು ಯಾರೋ ರೂಪಿಸಿದ್ದಾರೆ. ಆರ್ಕಿಟೆಕ್ಟ್‌ಗಳು ಕೆಲಸ ಕೇಳಿಕೊಂಡು ಹೋಗುವಾಗ ಒಯ್ಯುವ ಪೋರ್ಟ್‌ಫೋಲಿಯೊಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಚೆಂದದ ಪುಟಗಳಿರುತ್ತವೆ, ಯಾರಿಗೆ ಏನು ಕಷ್ಟವಿತ್ತು, ಮೊದಲ ಪ್ರಯತ್ನ ಯಾಕೆ ಕೈಕೊಟ್ಟಿತು ಎಂಬುದಿರುವುದಿಲ್ಲ.

ಮೂರನೆಯದು ಮಾತು. ಪ್ಲಾನಿನಲ್ಲಿ ನಾವು ಬರೆಯುವುದು 'ಹಾಲ್', 'ಬೆಡ್‌ರೂಂ', 'ಅಪ್' ಇಷ್ಟೇ. ಪರದೆಯಲ್ಲಿ ಇಟ್ಟಿಗೆಯೇ ಮಾತು. 'ಮುಂದುವರಿಸಿ' ಎಂದು ಬರೆಯುವುದೋ 'ಹಣ ಕಳಿಸಿ' ಎಂದು ಬರೆಯುವುದೋ ಎಂಬುದು ಬಣ್ಣಕ್ಕಿಂತ ದೊಡ್ಡ ತೀರ್ಮಾನ.

ಮಾತು ಬಂದದ್ದರಿಂದ ಕನ್ನಡದ ವಿಷಯ. ಇಂಗ್ಲಿಷಿಗೆಂದು ಮಾಡಿದ ಪರದೆಗೆ ಆಮೇಲೆ ಕನ್ನಡ ತುಂಬಿದರೆ ಏನಾಗುತ್ತದೆಂದು ನಾವೆಲ್ಲ ದಿನವೂ ನೋಡುತ್ತೇವೆ: ಬಟನ್ನಿನಾಚೆ ಚಾಚಿದ ಪದ, ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕಿ ಇಟ್ಟ ವಾಕ್ಯ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗದ ಸ್ಥಿತಿ. ಇಂಗ್ಲಿಷ್ ಅಕ್ಷರ ಒಂದು ಮಹಡಿಯ ಮನೆಯಾದರೆ ಕನ್ನಡದ್ದು ನೆಲಮಾಳಿಗೆಯೂ ಇರುವ ಮನೆ. 'ರಾಷ್ಟ್ರ' ಎಂದು ಬರೆದು ನೋಡಿ, ನೆಲದ ಕೆಳಗೆ ಎಷ್ಟು ಇಳಿದಿದೆಯೆಂದು. ಕಟ್ಟಡ ಸೀಳಿ ತೋರಿಸುವ ಸೆಕ್ಷನ್ ಬರೆದು ಅಭ್ಯಾಸವಿದ್ದವರಿಗೆ ಇದು ಹೊಳೆಯುವಷ್ಟು ಬೇಗ ಬೇರೆಯವರಿಗೆ ಹೊಳೆಯುವುದಿಲ್ಲ. ಮಹಡಿಯಿಂದ ಮಹಡಿಗೆ ಎಷ್ಟು ತಲೆಯೆತ್ತರ ಬಿಡಬೇಕೆಂಬುದೇ ಅವರ ದಿನದ ಪ್ರಶ್ನೆ. ಬೆಂಗಳೂರಿನಲ್ಲೇ ಹುಟ್ಟಿದ ನಮ್ಮ ಯಾತ್ರಿಯಂಥ ಆ್ಯಪ್‌ಗಳನ್ನು ಆಟೋ ಚಾಲಕರು ಒಂದು ಕೈ ಹ್ಯಾಂಡಲ್ ಮೇಲಿಟ್ಟು, ಬಿಸಿಲಲ್ಲಿ, ಒಂದೇ ನೋಟದಲ್ಲಿ ಓದಬೇಕು. ಕನ್ನಡ ಬಲ್ಲ, ಸೈಟಿನಲ್ಲಿ ಮೇಸ್ತ್ರಿಯ ಜೊತೆ ಮಾತಾಡಿ ಪಳಗಿದ ಆರ್ಕಿಟೆಕ್ಟ್‌ಗೆ ಇಲ್ಲಿ ಇರುವಷ್ಟು ಕೆಲಸ, ಕಂಪನಿಗಳು ಒಪ್ಪಿಕೊಂಡರೆ, ಹತ್ತು ವರ್ಷಕ್ಕೆ ಸಾಲುತ್ತದೆ. ಒಪ್ಪಿಕೊಳ್ಳುವುದೇ ಕಷ್ಟ. ಕನ್ನಡವೆಂದರೆ ಕೊನೆಯ ವಾರದಲ್ಲಿ ಅನುವಾದಕರಿಗೆ ಕಳಿಸುವ ಎಕ್ಸೆಲ್ ಹಾಳೆ ಎಂದೇ ಬಹಳ ಕಡೆ ನಂಬಿದ್ದಾರೆ.

ಒಂದು ವಿಷಯದಲ್ಲಿ ನನಗೆ ಆತಂಕವಿದೆ. ಕಟ್ಟಡಕ್ಕೆ ಪ್ಲಾನ್ ಸ್ಯಾಂಕ್ಷನ್ ಬೇಕು, ನೋಂದಣಿ ಬೇಕು, ಬಿದ್ದರೆ ಕೇಳುವವರಿದ್ದಾರೆ. ನಿಯಮ ಮುರಿಯುವವರೂ ನಿಯಮ ಗೊತ್ತಿದ್ದೇ ಮುರಿಯುತ್ತಾರೆ. ಪರದೆಯ ಕಸುಬಿಗೆ ಬಾಗಿಲಲ್ಲಿ ಕಾವಲುಗಾರನಿಲ್ಲ. ಸದಸ್ಯತ್ವ ರದ್ದು ಮಾಡುವ ಗುಂಡಿಯನ್ನು ಏಳು ಪರದೆಯ ಹಿಂದೆ ಬಚ್ಚಿಡು ಎಂದು ಮೇಲಿನವರು ಹೇಳಿದರೆ, ಅದು ತುರ್ತು ಬಾಗಿಲಿಗೆ ಬೀಗ ಹಾಕಿದಂತೆ ಎಂದು ಹೇಳಲು ಯಾವ ಬೈಲಾವೂ ಇರಲಿಲ್ಲ. ಇಂಥ ಕುತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟವರು ಹ್ಯಾರಿ ಬ್ರಿಗ್ನಲ್, 2010ರಲ್ಲಿ. ಪ್ಯಾಟರ್ನ್ ಎಂಬ ಅಲೆಕ್ಸಾಂಡರನ ಪದ ಎಲ್ಲಿಗೆ ಬಂದು ನಿಂತಿತು ನೋಡಿ. 2023ರ ನವೆಂಬರ್‌ನಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಮೋಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಗಿರಾಕಿಗೆ ತಿಳಿಯದಂತೆ ಬುಟ್ಟಿಗೆ ಸಾಮಾನು ಸೇರಿಸುವುದು, ಇಲ್ಲದ ಅವಸರ ತೋರಿಸುವುದು, ಕೊನೆಯಲ್ಲಿ ಬೆಲೆ ಏರಿಸುವುದು ಎಲ್ಲ ಅದರಲ್ಲಿವೆ. ಸಾರ್ವಜನಿಕರ ಕ್ಷೇಮವೂ ತನ್ನ ಹೊಣೆ ಎಂದು ಐದು ವರ್ಷ ಕೇಳಿಸಿಕೊಂಡು ಬಂದವರು ಅಲ್ಲಿ ಹೋಗಿ ಬಾಯಿ ತೆರೆಯುತ್ತಾರೆಯೇ? ನಾನು ವಿಚಾರಿಸಿದವರಲ್ಲಿ ತೆರೆದವರೂ ಇದ್ದಾರೆ, ಇಎಂಐ ನೆನೆದು ಮುಚ್ಚಿಕೊಂಡವರೂ ಇದ್ದಾರೆ.

ದಾರಿಗಳ ಬಗ್ಗೆ ಚುಟುಕಾಗಿ. ಮತ್ತೆ ಓದಲು ಮನಸ್ಸಿದ್ದವರಿಗೆ ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆ ಬರೆದು ಡಿಸೈನ್‌ನ ಸ್ನಾತಕೋತ್ತರ ಕೋರ್ಸ್ ಎಂ.ಡೆಸ್ ಸೇರುವ ಅವಕಾಶವಿದೆ. ಬೆಂಗಳೂರಿನಲ್ಲೇ ಐಐಎಸ್‌ಸಿ ಇದೆ, ತನ್ನದೇ ಪ್ರವೇಶ ಪರೀಕ್ಷೆಯ ಎನ್‌ಐಡಿ ಕ್ಯಾಂಪಸ್ ಇದೆ. ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಎನ್ನುವ ಜಾಹೀರಾತುಗಳಿಗೆ ಲಕ್ಷಗಟ್ಟಲೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಪರದೆ ಬಿಡಿಸುವ ಫಿಗ್ಮಾ ತಂತ್ರಾಂಶ ಕಲಿಯಲು ಆಟೊಕ್ಯಾಡ್ ಬಲ್ಲವರಿಗೆ ಎರಡು ವಾರ ಸಾಕು. ಕೇಳಿಸಿಕೊಳ್ಳುವುದನ್ನು ಕಲಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅದನ್ನು ಯಾವ ವಿಡಿಯೊವೂ ಕಲಿಸದು. ಐದಾರು ವರ್ಷದ ಅನುಭವವಿದ್ದವರು ಹೊಸಬರ ಸಾಲಿನಲ್ಲಿ, ತಮಗಿಂತ ಚಿಕ್ಕವರ ಕೈಕೆಳಗೆ ಕೂರಬೇಕಾಗುತ್ತದೆ. ಅಲ್ಲಿಯೂ ಈಗ ಹಿಂದಿನ ಸುಗ್ಗಿಯಿಲ್ಲ: 2022ರ ಕೊನೆಯಿಂದ ದೊಡ್ಡ ಕಂಪನಿಗಳು ಜನರನ್ನು ಕಳಿಸಿದ್ದನ್ನು ಕಂಡಿದ್ದೇವೆ, ಮಾಮೂಲಿ ಪರದೆಗಳನ್ನು ಯಂತ್ರವೇ ಬಿಡಿಸಿಕೊಡುತ್ತಿದೆ. ಬರೀ ಬಿಡಿಸುವವರಾಗಿ ಹೋಗುವುದಾದರೆ ಇಲ್ಲೇ ಇರುವುದು ಲೇಸು.

ಹೋಗಿ ಮರಳಿದವರೂ ಇದ್ದಾರೆ. ಅವರಲ್ಲೊಬ್ಬ ಹೇಳಿದ: ಮೂರು ವರ್ಷದಲ್ಲಿ ತಾನು ಮಾಡಿದ ಪರದೆಗಳಲ್ಲಿ ಒಂದೂ ಈಗ ಉಳಿದಿಲ್ಲವಂತೆ, ಮಗನಿಗೆ ಕರೆದುಕೊಂಡು ಹೋಗಿ ತೋರಿಸಲು ಏನೂ ಇಲ್ಲವಂತೆ. ಸಿಮೆಂಟಿನ ವಾಸನೆಗೆ ಮರಳಿದ. ಆದರೆ ಈಗ ಪ್ಲಾನಿಗೆ ಮೊದಲು ಎರಡು ದಿನ ಗಿರಾಕಿಯ ಹಳೇ ಮನೆಯಲ್ಲಿ ಸುಮ್ಮನೆ ಕೂತು ಬರುತ್ತಾನೆ. ಅವನ ಅತ್ತೆಮನೆಯವರಿಗೆ ಇದು ಕೆಲಸದಂತೆ ಕಾಣುವುದಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಮೈಸೂರಿನ ಆ ಮನೆಯಾಕೆ ಫೋನ್ ಮಾಡಿದ್ದರು. ಅಡುಗೆಮನೆ ಬಾಗಿಲ ಮೇಲೆ ಸಜ್ಜ ಇಲ್ಲ, ಬೀಗ ತೆಗೆಯುವಷ್ಟರಲ್ಲಿ ನೆನೆದುಹೋಗುತ್ತೇವೆ, ಏನಾದರೂ ಮಾಡಿಕೊಡಿ ಎಂದರು. ಹೋಗಿ ಅಳತೆ ತೆಗೆದುಕೊಂಡು ಬಂದೆ. ಮೂರೂವರೆ ಅಡಿ ಚಾಚು, ಕೆಳಗೆ ಚಪ್ಪಲಿಗೊಂದು ಕಲ್ಲು, ತರಕಾರಿ ಚೀಲ ಇಡಲು ಸೊಂಟದೆತ್ತರದ ಕಟ್ಟೆ. ಕಟ್ಟೆ ಎಡಕ್ಕೋ ಬಲಕ್ಕೋ ಎಂದು ಈ ಸಲ ಅವರನ್ನೇ ಕೇಳಿದೆ. "ಬಲಗೈಯಲ್ಲಿ ಕೀಲಿ ಇರುತ್ತಲ್ಲ ಸಾರ್, ಎಡಕ್ಕೇ ಹಾಕಿ" ಎಂದರು.